ಪಟ್ಟದಕಲ್ಲು ಯಾಕೆ ತಡ

‘ಮುಟ್ಟಿತು’ ಎಂದು ಯಾರಾದರೂ ಹೇಳಿದರೆ ನಿಜವಾಗಿ ಮುಟ್ಟಿದೆ ಎಂದು ರಾಚಯ್ಯನವರು ನಂಬಿದವರಲ್ಲ. ಮನೆಯಲ್ಲಿ ಹೆಂಡತಿ ಗುರುಲಿಂಗವ್ವ ‘ಬಾಗಲಾ ಹಾಕೇನ್ರಿ’ ಎಂದ ಮೇಲೂ ಎದ್ದು ಹೋಗಿ ಅಗಳಿ ಮುಟ್ಟಿ ನೋಡುವವರು. ಸರಕಾರವೂ ಒಮ್ಮೊಮ್ಮೆ ತನಗೆ ಅರಿವಿಲ್ಲದಂತೆ ಸರಿಯಾದ ಮನುಷ್ಯನನ್ನು ಸರಿಯಾದ ಕುರ್ಚಿಯ ಮೇಲೆ ಕೂರಿಸಿಬಿಡುತ್ತದೆ. ರಾಚಯ್ಯನವರು ಬಾಗಲಕೋಟೆಯಲ್ಲಿ ನದಿ ಎಚ್ಚರಿಕೆಯ ವೈರ್‌ಲೆಸ್ ಕೋಣೆಗೆ ಮುಖ್ಯಸ್ಥರಾಗಿದ್ದರು.

ಕೆಲಸ ಹೇಳುವುದಕ್ಕೆ ಸುಲಭ. ಮೇಲಿನ ಅಣೆಕಟ್ಟಿನವರು ನೀರು ಬಿಡುವ ಮುಂಚೆ ಬಾಗಲಕೋಟೆಗೆ ಸುದ್ದಿ ಕೊಡುತ್ತಾರೆ. ಬಾಗಲಕೋಟೆ ಅದನ್ನು ಒಂದೇ ಸಲ ಗಾಳಿಗೆ ಬಿಡುತ್ತದೆ. ಬಾದಾಮಿ, ಪಟ್ಟದಕಲ್ಲು, ಹುನಗುಂದ, ಕಲಾದಗಿ, ಇಳಕಲ್, ಈ ಐದೂ ಕಡೆ ವೈರ್‌ಲೆಸ್ ಪೆಟ್ಟಿಗೆಯ ಮುಂದೆ ಕುಳಿತವರು ಕೇಳಿ ಬರೆದುಕೊಳ್ಳಬೇಕು. ಎಲ್ಲರಿಗೂ ಮುಟ್ಟಿದ್ದು ಖಾತ್ರಿಯಾಗದೆ ಬಾಗಲಕೋಟೆ ಮೇಲಿನವರಿಗೆ ‘ಆಯಿತು’ ಎನ್ನುವಂತಿಲ್ಲ. ಆಯಿತು ಎನ್ನದೆ ಅವರು ಗೇಟು ಎತ್ತುವಂತಿಲ್ಲ. ತೊಡಕು ಒಂದೇ. ಎಲ್ಲ ಊರುಗಳಿಗೂ ಸೇರಿ ಗಾಳಿಯಲ್ಲಿದ್ದದ್ದು ಒಂದೇ ದಾರಿ. ಒಬ್ಬರು ಗುಂಡಿ ಒತ್ತಿ ಮಾತಾಡುವಾಗ ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ಇಬ್ಬರು ಕೂಡಿ ಒತ್ತಿದರೆ ಇಬ್ಬರದೂ ಕೇಳುವುದಿಲ್ಲ. ಕಾದ ಎಣ್ಣೆಯಲ್ಲಿ ನೀರು ಬಿದ್ದಂಥ ಸಪ್ಪಳ ಬರುತ್ತದೆ, ಅಷ್ಟೆ.

ಮುಂಚೆ ಪ್ರತಿ ಊರಿನವರೂ ‘ಮುಟ್ಟಿತು’ ಎಂಬ ಒಂದು ಮಾತು ಹೇಳಿ ಸುಮ್ಮನಾಗುತ್ತಿದ್ದರು. ೧೯೮೧ರ ಮಳೆಗಾಲದ ಮೊದಲಲ್ಲಿ ಇಳಕಲ್ಲಿನ ತಿಮ್ಮಣ್ಣ ಅದನ್ನು ಕೆಡಿಸಿದ. ರಾಚಯ್ಯನವರು ಸಂದೇಶದ ನಡುವೆ ಕೆಮ್ಮಲೆಂದು ಗುಂಡಿ ಬಿಟ್ಟರು. ಅಷ್ಟರಲ್ಲಿ ತಿಮ್ಮಣ್ಣನ ಧ್ವನಿ ಬಂತು.

‘ಇಳಕಲ್. ಮುಟ್ಟಿತ್ರಿ.’

‘ಏನ ಮುಟ್ಟಿತೋ ತಿಮ್ಮಣ್ಣ? ನಾ ಇನ್ನೂ ಹೇಳೇ ಇಲ್ಲ.’

‘ನೀವು ಹೇಳೂದು ನೀರಿನ ಸುದ್ದಿ ಅಲ್ಲೇನ್ರಿ ಅಯ್ಯಾರ. ನಮ್ಮೂರಾಗ ನದೀನ ಇಲ್ಲ. ಹೇಳಿದ್ರೂ ಮುಟ್ಟಿದಂಗ, ಬಿಟ್ರೂ ಮುಟ್ಟಿದಂಗ.’

ಅಂದೇ ರಾಚಯ್ಯನವರು ಹೊಸ ಕಾಯಿದೆ ತಂದರು. ಇನ್ನು ಮೇಲೆ ಬರಿಯ ‘ಮುಟ್ಟಿತು’ ನಡೆಯುವುದಿಲ್ಲ. ಪ್ರತಿಯೊಬ್ಬರೂ ಇಡೀ ಸಂದೇಶವನ್ನು ತಿರುಗಿ ಓದಿ ಹೇಳಬೇಕು. ಒಬ್ಬರದು ಬರದಿದ್ದರೂ ಬಾಗಲಕೋಟೆ ಮೊದಲಿನಿಂದ ಮತ್ತೆ ಹೇಳುತ್ತದೆ, ಎಲ್ಲರೂ ಮತ್ತೆ ಓದಬೇಕು.

ಆ ಮೇಲೆ ಚಹಾ ಕುದಿಯುವಷ್ಟು ಹೊತ್ತಿನಲ್ಲಿ ಮುಗಿಯುತ್ತಿದ್ದ ಕೆಲಸ ಊಟದ ಹೊತ್ತಿನವರೆಗೆ ನಡೆಯತೊಡಗಿತು. ಮೇಲಿನವರು ಟ್ರಂಕ್ ಕಾಲ್ ಮಾಡಿ ‘ಗೇಟು ಎತ್ತೂದೋ ಬ್ಯಾಡೋ’ ಎಂದು ಕೇಳುವರು. ಪ್ರತಿ ಸಲವೂ ಕೊನೆಗೆ ಉಳಿಯುವುದು ಒಂದೇ ಊರು: ಪಟ್ಟದಕಲ್ಲು. ಒಂದು ದಿನ ಇಲಾಖೆಯ ಸಾಹೇಬರು ಬಂದು ಟೇಬಲ್ಲಿನ ಅಂಚಿಗೆ ಕುಳಿತರು.

‘ಯಾವುದು ತಡಾ ಮಾಡತೈತಿ, ಅದನ್ನ ಮುಚ್ಚಿಬಿಡ್ರಿ. ಬಾದಾಮಿಯಿಂದ ಜವಾನ ಬಸ್ಸಿನಾಗ ಹೋಗಿ ಪಟ್ಟದಕಲ್ಲಿಗೆ ಹೇಳಿ ಬರ್ತಾನ. ಆ ಹುಡುಗಿ ಹೆಂಗೂ ಟೆಂಪರರಿ. ನೀವೊಂದು ರಿಪೋರ್ಟ್ ಕೊಡ್ರಿ, ಸಾಕು.’

ಆ ಹುಡುಗಿ ಎಂದರೆ ಪ್ರೇಮಾಬಾಯಿ. ಪಟ್ಟದಕಲ್ಲಿನ ಸಾಲೆಯ ಮಾಸ್ತರ ನರಸಿಂಹನ ಹೆಂಡತಿ. ಐದೂ ಊರಿನಲ್ಲಿ ಪೆಟ್ಟಿಗೆಯ ಮುಂದೆ ಕುಳಿತ ಒಬ್ಬಳೇ ಹೆಂಗಸು. ರಾಚಯ್ಯನವರಿಗೆ ಇದಾವುದೂ ಅಡ್ಡಿಯಾಗಿರಲಿಲ್ಲ. ಅವರನ್ನು ಎಚ್ಚರಿಸಿದ್ದು ಬೇರೆ ಸಂಗತಿ. ಬಾದಾಮಿಯ ಪೆಟ್ಟಿಗೆಯ ಮುಂದೆ ಕೂರುವ ಪಂಢರೀನಾಥರಾಯರು ಅವಳ ಮಾವ.

ಪಂಢರೀನಾಥರಾಯರು ವೈರ್‌ಲೆಸ್ಸಿನಲ್ಲಿ ಮಾತಾಡುವ ರೀತಿಯೇ ಬೇರೆ. ‘ಬಾಗಲಕೋಟೆಯವರಿಗೆ ಬಾದಾಮಿಯಿಂದ ನಮಸ್ಕಾರಗಳು. ತಮ್ಮ ಸಂದೇಶ ಸುಖರೂಪವಾಗಿ ತಲುಪಿತು. ಅದರ ಒಕ್ಕಣೆ ಈ ಪ್ರಕಾರ ಅದ’ ಎಂದು ಆರಂಭಿಸಿ, ಪುರಾಣ ಓದುವವರಂತೆ ಪದಕ್ಕೆ ಪದ ಬಿಡಿಸಿ ಓದುವರು. ಅವರು ಮುಗಿಸಿದ ಮೇಲೆಯೇ ಪಟ್ಟದಕಲ್ಲಿನ ಉತ್ತರ ಬರುವುದು. ಮುಂಚೆ ಎಂದೂ ಬಂದದ್ದಿಲ್ಲ.

‘ಇದರಾಗ ಏನೋ ಐತಿ’ ಎಂದರು ರಾಚಯ್ಯನವರು ತಮ್ಮ ಕೈಕೆಳಗಿನ ಈರಪ್ಪನಿಗೆ. ‘ಆಕಿ ಪೆಟಿಗಿ ಮುಂದ ಇರಾಂಗಿಲ್ಲ. ಮನ್ಯಾಗ ಒಗ್ಗರಣಿ ಹಾಕ್ಕೋತ ಇರ್ತಾಳ. ಆಕಿ ಬಂದು ಕೂಡೂತನಕಾ ಮಾವ ಇಲ್ಲೆ ಮಾತು ಎಳೀತಾನ.’

‘ಮಾವ ಸೊಸಿ ಕೂಡಿ ಕಳುವು ಮಾಡಿದ್ದು ನಾ ಎಲ್ಲೂ ಕೇಳಿಲ್ರಿ ಅಯ್ಯಾರ. ಅವರ ಮಂದ್ಯಾಗ ಸೊಸಿ ಮಾವನ ಮುಂದ ನೀರು ಕೇಳೂದ ಕಷ್ಟ.’

‘ಅದಕ್ಕ ಮತ್ತ. ಯಾರಿಗೂ ಸಂಶೇ ಬರಾಂಗಿಲ್ಲ ಅಂತನ ಹಿಂಗ ಮಾಡ್ಯಾರ.’

ಈ ತರ್ಕಕ್ಕೆ ಉತ್ತರ ಹೇಳಬಲ್ಲವನು ಬಾಗಲಕೋಟೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಈರಪ್ಪ ಬ್ಯಾಟರಿಗೆ ನೀರು ಹಾಕಲು ಎದ್ದು ಹೋದ.

ಮರುವಾರ ರಾಚಯ್ಯನವರು ಪೆಟ್ಟಿಗೆಯನ್ನು ಈರಪ್ಪನಿಗೆ ಒಪ್ಪಿಸಿ, ಯಾರಿಗೂ ಹೇಳದೆ ಪಟ್ಟದಕಲ್ಲಿಗೆ ಹೊರಟರು. ಬಾದಾಮಿಯ ಮೇಲೆ ಹೋದರೆ ನೆಟ್ಟಗಿನ ದಾರಿ. ಆದರೆ ಬಾದಾಮಿಯ ಸ್ಟ್ಯಾಂಡಿನಲ್ಲಿ ಮಾವ ನೋಡಿ ಸೊಸೆಗೆ ಸುಳುಹು ಕೊಟ್ಟರೆ? ಕಮತಗಿಯ ಮೇಲೆ ಸುತ್ತು ಹಾಕಿ, ಎರಡು ಬಸ್ಸು ಬದಲಿಸಿ, ಸೊಂಟ ಹಿಡಿದುಕೊಂಡು ಇಳಿದಾಗ ಬಿಸಿಲು ಏರಿತ್ತು. ಗುಡಿ ನೋಡಲು ಬಂದ ಪರವೂರಿನವರು ಎಳನೀರಿನ ಅಂಗಡಿಯ ಮುಂದೆ ನಿಂತಿದ್ದರು. ಇವರೂ ಒಂದು ಎಳನೀರು ಹಿಡಿದು, ಪ್ರವಾಸಿಗರಂತೆ ಅತ್ತಿತ್ತ ನೋಡುತ್ತ, ವೈರ್‌ಲೆಸ್ ಕೋಣೆಯ ಕಿಟಕಿಯ ಮಗ್ಗುಲಿಗೆ ಹೋಗಿ ನಿಂತರು.

ಪ್ರೇಮಾಬಾಯಿ ಪೆಟ್ಟಿಗೆಯ ಮುಂದೆಯೇ ಕುಳಿತಿದ್ದಳು. ರಾಚಯ್ಯನವರಿಗೆ ತುಸು ನಿರಾಸೆಯಾಯಿತು.

ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ಗರಗರ ಎಂದಿತು. ಈರಪ್ಪನ ಧ್ವನಿ: ಮಧ್ಯಾಹ್ನ ನೀರು ಬಿಡುತ್ತಾರೆ, ನದಿಯ ಪಾತ್ರದಲ್ಲಿ ಪಂಪು, ದನ, ಮನುಷ್ಯರು ಯಾರೂ ಇರಬಾರದು. ಅವಳು ಚುರುಕಾಗಿ ಬರೆದುಕೊಂಡಳು. ಬಾಗಿಲಲ್ಲಿ ಒಬ್ಬ ಹೆಂಗಸು ಕಾಯುತ್ತಿದ್ದಳು, ನದಿಯ ದಂಡೆಯಲ್ಲಿ ಕಾಯಿಪಲ್ಯೆ ಬೆಳೆಯುವ ಮಾಯವ್ವ.

‘ಯವ್ವಾ, ಪಂಪ ಎತ್ತೂದೇನ?’

‘ಎತ್ರಿ ಮಾಯವ್ವ. ಆ ದಂಡಿಯವರಿಗೂ ಕೂಗಿ ಹೇಳ್ರಿ.’

ಮಾಯವ್ವ ಓಡಿದಳು. ಊರಿಗೆ ಸುದ್ದಿ ಮುಟ್ಟಿಯಾಗಿತ್ತು. ಬಾಗಲಕೋಟೆಗೆ ಮಾತ್ರ ಅದು ಗೊತ್ತಿರಲಿಲ್ಲ.

ಪ್ರೇಮಾಬಾಯಿ ಮಾತಾಡಲು ಮೈಕಿಗೆ ಕೈ ಹಾಕಿದಳು. ಅಷ್ಟರಲ್ಲಿ ಇಳಕಲ್ಲಿನ ತಿಮ್ಮಣ್ಣ ಸಂದೇಶವನ್ನು ಮಗ್ಗಿಯಂತೆ ಒದರತೊಡಗಿದ. ಹುನಗುಂದದ ಮುದಕಪ್ಪ ಅವನ ಮೇಲೆಯೇ ಬಿದ್ದ. ಇಬ್ಬರದೂ ಕೂಡಿ ಎಣ್ಣೆಯಲ್ಲಿ ನೀರು. ಈರಪ್ಪ ಕಾಯಿದೆಯ ಪ್ರಕಾರ ಮೊದಲಿನಿಂದ ಹೇಳಿದ. ಆಗ ಬಾದಾಮಿಯ ಧ್ವನಿ ಬಂತು.

‘ಬಾಗಲಕೋಟೆಯವರಿಗೆ ಬಾದಾಮಿಯಿಂದ ನಮಸ್ಕಾರಗಳು…’

ಪ್ರೇಮಾಬಾಯಿ ಕುರ್ಚಿಯಿಂದ ಎದ್ದು ನಿಂತಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಕೈ ಕಟ್ಟಿ, ನೆಲ ನೋಡುತ್ತ, ಪೆಟ್ಟಿಗೆಯಿಂದ ಒಂದು ಮಾರು ಹಿಂದೆ ಸರಿದು ನಿಂತಳು. ಮಾವನವರು ಓದಿ ಮುಗಿಸುವವರೆಗೆ ಹಾಗೆಯೇ ನಿಂತಿದ್ದಳು. ಮುಗಿದ ಮೇಲೆ ಸೆರಗು ಸರಿಮಾಡಿಕೊಂಡು ಕುಳಿತು, ಮೈಕು ತೆಗೆದುಕೊಳ್ಳುವಷ್ಟರಲ್ಲಿ ಕಲಾದಗಿ ಹೊಕ್ಕಿತ್ತು. ಕಲಾದಗಿ ಮುಗಿಯಿತು, ಪಟ್ಟದಕಲ್ಲು ಬರಲಿಲ್ಲವೆಂದು ಈರಪ್ಪ ಮತ್ತೆ ಮೊದಲಿನಿಂದ ಹೇಳಿದ, ಮತ್ತೆ ಹೇಳಿದ್ದರಿಂದ ಬಾದಾಮಿ ಮತ್ತೆ ನಮಸ್ಕಾರ ಮಾಡಿತು, ಪ್ರೇಮಾಬಾಯಿ ಮತ್ತೆ ಎದ್ದು ನಿಂತಳು.

ಎಳನೀರು ಕೈಯಲ್ಲಿ ಬಿಸಿಯಾಗುತ್ತಿತ್ತು. ರಾಚಯ್ಯನವರಿಗೆ ಹೊಳೆದದ್ದು, ಇವಳು ನನ್ನನ್ನು ನೋಡಿಬಿಟ್ಟಿದ್ದಾಳೆ, ನಾಟಕ ಮಾಡುತ್ತಿದ್ದಾಳೆ ಎಂದು. ಕಿಟಕಿ ಬಿಟ್ಟು, ಹಿತ್ತಲ ಕಡೆ ಹೋಗಿ, ಬಾಗಿಲ ಸಂದಿಯಿಂದ ಇಣುಕಿದರು. ಅಲ್ಲಿಂದಲೂ ಅದೇ ನೋಟ. ಯಾರೂ ನೋಡುತ್ತಿಲ್ಲವೆಂದು ತಿಳಿದಾಗಲೂ ಮಾಡುವ ನಾಟಕಕ್ಕೆ ಲೋಕದಲ್ಲಿ ಬೇರೆ ಹೆಸರಿದೆ. ಅದನ್ನು ಒಪ್ಪಿಕೊಳ್ಳಲು ಅವರಿಗೆ ತುಸು ಹೊತ್ತು ಬೇಕಾಯಿತು.

ಒಳಗೆ ಹೋದಾಗ ಅವಳು ಗಾಬರಿಯಾಗಿ ಇನ್ನೊಮ್ಮೆ ಎದ್ದಳು.

‘ಕೂಡು ತಂಗಿ. ಎಷ್ಟ ಸಲ ಏಳ್ತೀ? ಅವರು ಬಾದಾಮ್ಯಾಗ ಅದಾರ. ನೀ ಎದ್ದದ್ದು ಅವರಿಗೇನ ಕಾಣತೈತೇನು?’

‘ಕಾಣೂದಿಲ್ರಿ. ಆದ್ರ ನನಗ ಅವರ ದನಿ ಕೇಳಸ್ತದಲ್ರಿ. ಮಾವನವರು ಮಾತಾಡ್ಲಿಕ್ಹತ್ತಾಗ ನಾ ಹೆಂಗ ಕೂಡ್ಲಿ? ನಡುವ ಬಾಯಿ ಹೆಂಗ ಹಾಕ್ಲಿ?’

‘ಅವರು ಮುಗಿಸಿದ ಕೂಡ್ಲೆ ನಿಂತಾದ್ರೂ ಮಾತಾಡಬಾರದೇನು?’

ಅವಳು ಮೈಕಿನ ವಾಯರನ್ನು ಎಳೆದು ತೋರಿಸಿದಳು. ನಿಂತವರ ಬಾಯಿಗೆ ಅದು ಎಟುಕುತ್ತಿರಲಿಲ್ಲ.

ಪೆಟ್ಟಿಗೆಯಲ್ಲಿ ಈರಪ್ಪ, ಮುದಕಪ್ಪ, ತಿಮ್ಮಣ್ಣ ಮೂವರೂ ಕೂಡಿ ಕುದಿಯುತ್ತಿದ್ದರು. ರಾಚಯ್ಯನವರು ತಮ್ಮ ಜಾಲವನ್ನು ಈ ತುದಿಯಿಂದ ಎಂದೂ ಕೇಳಿರಲಿಲ್ಲ. ಅವರು ಸಂತೆಯಲ್ಲಿ ಮಗು ಕಳೆದುಕೊಂಡವರಂತೆ ಮೈಕು ಕಸಿದುಕೊಂಡರು.

‘ನಾ ರಾಚಯ್ಯ. ಎಲ್ಲಾರೂ ಸುಮ್ಮನಿರ್ರಿ.’

ಕುದಿ ಇಳಿಯಿತು. ಆ ಮೇಲೆ ಇಳಕಲ್: ‘ಮುಟ್ಟಿತ್ರಿ ಅಯ್ಯಾರ. ತಿರುಗಿ ಓದ್ತೇನಿ ಕೇಳ್ರಿ. ಎಲ್ಲಾರೂ ಸುಮ್ಮನಿರ್ರಿ.’

ಹುನಗುಂದ: ‘ಎಲ್ಲಾರೂ ಸುಮ್ಮನಿರ್ರಿ.’

ಕಲಾದಗಿ: ‘ಸುಮ್ಮನಿರ್ರಿ ಅನ್ನೂದಷ್ಟ ಬಂತ್ರಿ, ಯಾರು ಅನ್ನೂದು ಬರ್ಲಿಲ್ಲ. ಇನ್ನೊಮ್ಮೆ ಹೇಳ್ರಿ.’

ಇನ್ನೊಮ್ಮೆ ಹೇಳಿದರು. ‘ಬಾಗಲಕೋಟೆಯವರಿಗೆ ಬಾದಾಮಿಯಿಂದ ನಮಸ್ಕಾರಗಳು. ಸುಮ್ಮನಿರಬೇಕೆಂಬ ತಮ್ಮ ಸಂದೇಶ ಸುಖರೂಪವಾಗಿ ತಲುಪಿತು. ಅದರ ಒಕ್ಕಣೆ ಈ ಪ್ರಕಾರ ಅದ…’

ಪ್ರೇಮಾಬಾಯಿ ಎದ್ದು ನಿಂತಳು. ಅವಳ ಸೆರಗಿನೊಳಗೆ ನಗು ಇತ್ತೋ ಇಲ್ಲವೋ, ರಾಚಯ್ಯನವರಿಗೆ ಅನುಮಾನವೇ.

ಅವರು ಮೈಕನ್ನು ಕೆಳಗಿಟ್ಟು ಕುಳಿತರು. ಯಾರು ತಡ ಮಾಡುತ್ತಿದ್ದಾರೆಂದು ಹುಡುಕಿಕೊಂಡು ಬಂದರೆ, ದಾರಿಗೆ ಅಡ್ಡ ಮಲಗಿದ್ದು ತಮ್ಮದೇ ಕಾಯಿದೆ. ನಂಬಿಕೆ ಸಾಲದೆ ಕೇಳಿದ್ದು, ಕೇಳಿದ್ದಕ್ಕೆ ಗದ್ದಲ, ಗದ್ದಲಕ್ಕೆ ಮತ್ತೆ ಕೇಳಿದ್ದು.

ಅವರಿಗೆ ನೆನಪಾದದ್ದು ಪಂಗತಿ. ಜಂಗಮರ ಮನೆಯವರು, ಎಳೆಯ ವಯಸ್ಸಿನಲ್ಲಿ ಮಠದ ದಾಸೋಹದಲ್ಲಿ ಬುಟ್ಟಿ ಹಿಡಿದು ಬಡಿಸಿದವರು. ಆಗಲೂ ಇದೇ ಚಾಳಿ. ಒಬ್ಬೊಬ್ಬರ ಮುಂದೆ ನಿಂತು ‘ಬಂತೇನ್ರಿ, ಸಾಕೇನ್ರಿ’ ಎಂದು ಕೇಳುತ್ತ, ಸಾಲಿನ ತುದಿಗೆ ಹೋಗುವಷ್ಟರಲ್ಲಿ ಅನ್ನ ಆರಿಹೋಗುತ್ತಿತ್ತು. ಬಡಿಸುವ ಹಿರಿಯರು ರಟ್ಟೆ ಹಿಡಿದು ಹೇಳಿದ್ದರು: ‘ಉಣ್ಣೋರನ್ನ ಮಾತಾಡಿಸಬ್ಯಾಡೋ. ಬೇಕಾದಾವ ಕೈ ಎತ್ತತಾನ, ಸಾಕಾದಾವ ಸುಮ್ಮನಿರ್ತಾನ. ನೀ ಎಲ್ಲಾರಕಿಂತ ಸಾವಕಾಶ ಉಣ್ಣೋ ಮುದುಕನ ಎಲಿ ನೋಡ್ಕೋತ ನಡಿ. ಅವಂದು ಮುಗೀತು ಅಂದ್ರ ಪಂಗತಿ ಮುಗದಂಗ.’

‘ತಂಗಿ, ಕೇಳು’ ಎಂದರು ರಾಚಯ್ಯನವರು. ‘ನಾಳಿಂದ ತಿರುಗಿ ಓದೂದು ಬಂದ್. ಮುಟ್ಟಿದವರು ಸುಮ್ಮನಿರಬೇಕು. ಮುಟ್ಟದವರು ಅಷ್ಟ, ಯಾವ ಸಾಲು ತಪ್ಪಿತು ಅಂತ ಕೇಳಬೇಕು. ಖಾತ್ರಿಗೆ ಒಂದ ಊರಿಂದ ಉತ್ತರ ತಗೋತೇನಿ. ಎಲ್ಲಾರಕಿಂತ ತಡಾ ಆಗೋದು ಯಾವುದು? ನಿಂದು. ಪಟ್ಟದಕಲ್ಲು ಅಂದ್ರ ಎಲ್ಲಾರೂ ಅಂದಂಗ.’

ಅವಳ ಮುಖ ಇಳಿಯಿತು.

‘ಅಂದ್ರ ಮಾವನವರು ಸುಮ್ಮನ ಕೂತಿರ್ಬೇಕು, ನಾ ಎಲ್ಲಾರ ಮುಂದ ಮೊದಲು ಬಾಯಿ ತೆಗೀಬೇಕು.’

‘ಹೌದು.’

‘ನನ್ನ ಕೈಲೆ ಆಗೂದಿಲ್ರಿ.’

‘ಆಗಲಿಲ್ಲಂದ್ರ ಈ ಖೋಲಿಗೆ ಕೀಲಿ ಬೀಳತೈತಿ. ಸಾಹೇಬರು ರಿಪೋರ್ಟ್ ಕೇಳ್ಯಾರ.’

ಪ್ರೇಮಾಬಾಯಿ ಪೆಟ್ಟಿಗೆಯ ಕಡೆ ನೋಡಿದಳು. ‘ಇದು ಹೋಗಬಾರದ್ರಿ’ ಎಂದಳು. ‘ಅಡಿಗಿ ಮನ್ಯಾಗ ನಾ ಹೇಳಿದ್ದು ಒಂದು ಮಾತು ಯಾರೂ ಕಿವಿ ಮ್ಯಾಲೆ ಹಾಕ್ಕೊಂಡಿಲ್ಲ. ಇಲ್ಲೆ ನಾ ಒಂದು ಮಾತು ಹೇಳಿದ್ರ ಅಲ್ಲೆ ಗೇಟು ಏಳ್ತದ. ಇದು ಹೋಗಬಾರದು.’

‘ಹಂಗಾರ ಮಾತಾಡು.’

ಅವಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಇಂಥ ಉತ್ತರಗಳನ್ನು ರಾಚಯ್ಯನವರು ಎಲ್ಲಕ್ಕಿಂತ ಕಡಿಮೆ ನಂಬುತ್ತಿದ್ದರು.

ಆ ದಿನದ ಪಟ್ಟದಕಲ್ಲಿನ ಉತ್ತರವನ್ನು ತಾವೇ ಈರಪ್ಪನಿಗೆ ಹೇಳಿ, ತಿರುಗಿ ಹೋಗುವಾಗ ಬಾದಾಮಿಯಲ್ಲಿ ಇಳಿದರು. ಪಂಢರೀನಾಥರಾಯರು ಕೋಟು, ಟೊಪಿಗೆ ಹಾಕಿಕೊಂಡು, ಪೆಟ್ಟಿಗೆಯ ಮುಂದೆ ಸಭೆಯಲ್ಲಿ ಕುಳಿತವರಂತೆ ಕುಳಿತಿದ್ದರು. ಜವಾನ ಎರಡು ಕಪ್ಪು ಚಹಾ ತಂದಿಟ್ಟ. ರಾಯರು ತಮ್ಮ ಕಪ್ಪನ್ನೂ ಅತಿಥಿಯ ಕಡೆಗೇ ಸರಿಸಿದರು.

‘ನಾ ಚಹಾ ಕುಡಿಯೂದಿಲ್ಲ ರಾಚಯ್ಯನವರ. ಹುಟ್ಟಿದಾಗಿಂದ ಮುಟ್ಟಿಲ್ಲ.’

ಚಹಾ ಮುಟ್ಟದ ಮನುಷ್ಯನನ್ನು ನಂಬಬಹುದೇ ಎಂದು ರಾಚಯ್ಯನವರು ಎರಡೂ ಕಪ್ಪು ಮುಗಿಯುವವರೆಗೆ ವಿಚಾರ ಮಾಡಿದರು. ಆಮೇಲೆ ನೆಟ್ಟಗೆ ಕೇಳಿದರು.

‘ರಾಯರ, ನೀವು ಅಷ್ಟ ಉದ್ದ ಯಾಕ ಓದ್ತೀರಿ?’

ರಾಯರು ಟೊಪಿಗೆ ತೆಗೆದು ಮೊಳಕಾಲ ಮೇಲೆ ಇಟ್ಟುಕೊಂಡರು. ‘ಆಕಿ ಹೊಸಬಳು. ಕೈ ಹಿಂದ ಬಿದ್ದು ಎಲ್ಲೆರೆ ಒಂದು ಸಾಲು ತಪ್ಪಿದ್ರ? ನಾ ಸಾವಕಾಶ ಓದಿದ್ರ ಕೇಳಿ ತಿದ್ದಿಕೋತಾಳ ಅಂತ.’

‘ಅಂದ್ರ ಆಕಿ ಸಲುವಾಗಿ ಎಳೀತಿದ್ರಿ.’

‘ಹೌದ್ರಿ.’

ತಮ್ಮ ಸಂಶಯ ಖರೆಯಾಯಿತೆಂದು ರಾಚಯ್ಯನವರಿಗೆ ಒಂದು ಗಳಿಗೆ ಸುಖವೆನಿಸಿತು. ಮಾವ ಸೊಸೆಗಾಗಿ ಮಾತು ಎಳೆಯುತ್ತಾನೆ. ಮಾವ ಮಾತಾಡುತ್ತಾನೆಂದು ಸೊಸೆ ಎದ್ದು ನಿಲ್ಲುತ್ತಾಳೆ. ಇವರಿಬ್ಬರ ಮರ್ಯಾದೆಗೆ ಮೇಲೆ ಅಣೆಕಟ್ಟಿನಲ್ಲಿ ನೀರು ನಿಂತಿರುತ್ತದೆ. ಅವಳು ಎದ್ದು ನಿಲ್ಲುವ ಸಂಗತಿಯನ್ನು ಅವರು ಹೇಳಿದರು. ಹೊಸ ಕಾಯಿದೆಯನ್ನೂ ಹೇಳಿದರು. ಅವಳು ಮಾತಾಡದಿದ್ದರೆ ಕೋಣೆ ಮುಚ್ಚುತ್ತದೆ ಎಂಬುದನ್ನೂ ಹೇಳಿದರು.

ರಾಯರು ಕಿಟಕಿಯ ಹೊರಗೆ ಕೆಂಪು ಗುಡ್ಡವನ್ನು ನೋಡುತ್ತ ಕುಳಿತರು. ‘ಲಗ್ನಾಗಿ ಬಂದಾಗಿಂದ ನನ್ನ ಮುಂದ ಆಕಿ ದನಿ ಬಿಟ್ಟಿಲ್ಲ’ ಎಂದರು. ‘ಆಕಿ ದನಿ ಹೆಂಗದ ಅಂತ ನನಗ ಗೊತ್ತಾಗಿದ್ದ ಈ ಪೆಟಿಗಿಯೊಳಗ.’ ಬೇರೇನೂ ಹೇಳಲಿಲ್ಲ. ಮಾತು ಎಳೆಯುವ ಮನುಷ್ಯ ಹೀಗೆ ಚುಟುಕಾಗಿ ಮುಗಿಸಿದ್ದು ರಾಚಯ್ಯನವರಿಗೆ ಒಳ್ಳೆಯ ಲಕ್ಷಣವಾಗಿ ಕಾಣಲಿಲ್ಲ.

ಮುಂದಿನ ಸಲ ನೀರು ಬಿಡುವ ಸುದ್ದಿ ಬಂದಾಗ ಸಾಹೇಬರು ತಾವೇ ಕೋಣೆಯಲ್ಲಿ ಬಂದು ಕುಳಿತರು. ರಾಚಯ್ಯನವರು ಸಂದೇಶವನ್ನು ಸಾವಕಾಶವಾಗಿ, ಎರಡು ಸಲ ಹೇಳಿದರು. ಹುನಗುಂದದ ಮುದಕಪ್ಪ ಒಂದು ಸಾಲು ಕೇಳಿದ, ಅದಷ್ಟನ್ನೇ ಹೇಳಿದರು. ಬೇರೆ ಯಾರೂ ಕೈ ಎತ್ತಲಿಲ್ಲ. ಗಾಳಿ ಗುಡಿಸಿದ ಅಂಗಳದಂತೆ ಖಾಲಿಯಾಯಿತು.

‘ಪಟ್ಟದಕಲ್ಲು, ಹೇಳ್ರಿ.’

ಉತ್ತರವಿಲ್ಲ.

ಸಾಹೇಬರು ಗಡಿಯಾರ ನೋಡಿಕೊಂಡರು. ಈರಪ್ಪ ತನ್ನ ಚಪ್ಪಲಿ ನೋಡಿಕೊಂಡ. ರಾಚಯ್ಯನವರಿಗೆ ಅಲ್ಲಿನದೆಲ್ಲ ಕಣ್ಣಿಗೆ ಕಟ್ಟಿತು: ಮೈಕಿನ ಮೇಲೆ ಕೈ, ತಲೆಯ ಮೇಲೆ ಸೆರಗು, ಬಾದಾಮಿಯಲ್ಲಿ ಕೋಟು ಹಾಕಿಕೊಂಡು ಕಿವಿಗೊಟ್ಟ ಒಬ್ಬ ಮನುಷ್ಯ.

‘ಪಟ್ಟದಕಲ್ಲು.’

‘ನಾ ಹೇಳಿರಲಿಲ್ಲೇನು’ ಎಂದು ಸಾಹೇಬರು ಏಳತೊಡಗಿದರು.

ಆಗ ಪೆಟ್ಟಿಗೆ ಗರಗರ ಎಂದಿತು. ನಮಸ್ಕಾರವಿಲ್ಲ, ಒಕ್ಕಣೆಯಿಲ್ಲ.

‘ಬಾದಾಮಿ ಚಹಾಕ್ಕ ಹೊಂಟದ.’

ಗುಂಡಿ ಬಿಟ್ಟ ಸಪ್ಪಳ. ಅದರ ಬೆನ್ನಿಗೇ ಒಂದು ತೆಳ್ಳಗಿನ ಧ್ವನಿ, ಮೊದಲು ನಡುಗಿ, ಎರಡನೆಯ ಮಾತಿಗೆ ನೆಟ್ಟಗಾಯಿತು.

‘ಪಟ್ಟದಕಲ್ಲು. ಮುಟ್ಟಿತ್ರಿ. ಪಾತ್ರದಾಗ ಯಾರೂ ಇಲ್ಲ. ಬಿಡ್ಲಿಕ್ಕೆ ಹೇಳ್ರಿ.’

ರಾಚಯ್ಯನವರು ಮೇಲಿನವರಿಗೆ ‘ಆಯಿತು’ ಎಂದರು. ಸಾಹೇಬರು ಮತ್ತೆ ಕುಳಿತರು. ಅವರಿಗೆ ಒಂದು ಮಾತು ಚುಚ್ಚುತ್ತಿತ್ತು.

‘ಅಂವ ಯಾರ್ರೀ, ಕೆಲಸದ ನಡುವ ಚಹಾಕ್ಕ ಹೋಗಾಂವ?’

‘ವಯಸ್ಸಾದವರ್ರಿ’ ಎಂದರು ರಾಚಯ್ಯನವರು. ‘ಈ ಹೊತ್ತಿಗೆ ಚಹಾ ಇಲ್ಲಂದ್ರ ಅವರಿಗೆ ಆಗಾಂಗಿಲ್ಲ.’

ಪಟ್ಟದಕಲ್ಲಿನ ಕೋಣೆ ಉಳಿಯಿತು. ಆ ಮಳೆಗಾಲವಿಡೀ ಹೀಗೆಯೇ ನಡೆಯಿತು: ಬಾದಾಮಿ ಚಹಾಕ್ಕೆ ಹೋಗುವುದು, ಪಟ್ಟದಕಲ್ಲು ಉತ್ತರ ಹೇಳುವುದು. ಸುಮ್ಮನಿರುವವನು ಉಂಡು ಸುಮ್ಮನಿದ್ದಾನೋ ಪಂಗತಿಯಿಂದಲೇ ಎದ್ದು ಹೋಗಿದ್ದಾನೋ ಎಂಬ ಸಂಶಯ ರಾಚಯ್ಯನವರನ್ನು ಬಿಡಲಿಲ್ಲ. ಅದಕ್ಕೆ ಆಗಾಗ, ಮನಸ್ಸಿಗೆ ಬಂದ ಊರನ್ನು ಹಿಡಿದು, ‘ಇಳಕಲ್, ಎರಡನೇ ಸಾಲು ಓದು’ ಎನ್ನುವರು. ತಿಮ್ಮಣ್ಣ ನದಿಯಿಲ್ಲದ ಊರಿನಲ್ಲಿ ಕುಳಿತು ನೀರಿನ ಲೆಕ್ಕ ಬರೆದುಕೊಳ್ಳುವುದನ್ನು ಕಲಿತ. ಹುನಗುಂದವನ್ನು ಕೇಳಿದರು, ಕಲಾದಗಿಯನ್ನು ಕೇಳಿದರು. ಬಾದಾಮಿಯನ್ನು ಮಾತ್ರ ಆ ಹೊತ್ತಿನಲ್ಲಿ ಎಂದೂ ಕೇಳಲಿಲ್ಲ.

ಒಂದು ದಿನ ಪ್ರೇಮಾಬಾಯಿ ಉತ್ತರ ಹೇಳಿ ಮುಗಿಸಿದ ಮೇಲೆ, ಖಾಲಿ ಗಾಳಿಯಲ್ಲಿ, ಯಾರೋ ಮೆಲ್ಲಗೆ ಗುಂಡಿ ಒತ್ತಿ ಬಿಟ್ಟಂಥ ಸಪ್ಪಳವಾಯಿತು. ಮಾತಿಲ್ಲ. ಈರಪ್ಪ ತಲೆ ಎತ್ತಿದ.

‘ಅಯ್ಯಾರ, ಬಾದಾಮ್ಯಾಗ ಯಾರೋ ಕುಂತು ಕೇಳಾಕ್ಹತ್ಯಾರ್ರಿ.’

‘ಗಾಳಿ ಅದು ಲೇ’ ಎಂದರು ರಾಚಯ್ಯನವರು, ಮತ್ತು ಮೈಕನ್ನು ಮೊಳೆಗೆ ತೂಗುಹಾಕಿದರು.